ದಾರಿಯಲ್ಲಿ ಸಿಕ್ಕಿದ ಇಪ್ಪತ್ತೆರಡು ಗಂಟೆ

ಊರಿಗೆ ಬಂದು ಒಂದೂವರೆ ತಿಂಗಳಾಯಿತು. ಸಿಕ್ಕಿದವರೆಲ್ಲ ಕೇಳುವುದು ಒಂದೇ. “ಆಸ್ಟ್ರೇಲಿಯಾ ಹೇಗಿತ್ತು?” ಐದು ತಿಂಗಳು ಇದ್ದು ಬಂದವಳ ಹತ್ತಿರ ಹೇಳಲಿಕ್ಕೆ ಬೇಕಾದಷ್ಟು ಇರಬೇಕು, ಅಲ್ವಾ? “ವಿಪರೀತ ಚಳಿ” ಅನ್ನುತ್ತೇನೆ. “ಮಗು ಚಂದ ಉಂಟು” ಅನ್ನುತ್ತೇನೆ. ಅಲ್ಲಿಗೆ ನನ್ನ ಆಸ್ಟ್ರೇಲಿಯಾ ಖಾಲಿ. ಮೂರನೇ ಮಾತಿಗೆ ಬಾಯಿ ತೆರೆದರೆ ಬರುವುದು ಸಿಂಗಾಪುರ. ಅಲ್ಲಿ ನಾವು ಇದ್ದದ್ದು ಬರೀ ಇಪ್ಪತ್ತೆರಡು ಗಂಟೆ. ಅದರಲ್ಲಿ ನಾಲ್ಕು ಗಂಟೆ ನಿದ್ದೆಗೆ ಹೋಯಿತು, ಐದಾರು ಗಂಟೆ ಏರ್‌ಪೋರ್ಟಿನಲ್ಲೇ ಕಳೆಯಿತು. ಕೇಳಿದವರ ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಅವರಿಗೆ ಕಾಂಗರೂ ಬೇಕಾಗಿತ್ತು. ನಾನು ಸೇಮಿಗೆಯ ಕಥೆ ಹೇಳುತ್ತಾ ನಿಂತಿರುತ್ತೇನೆ.

ನನ್ನ ಗಂಡನದ್ದೂ ಇದೇ ಅವಸ್ಥೆ. ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮೆಲ್ಬರ್ನ್ ಹೇಗೆ ಅಂತ ಕೇಳಿದ್ದಕ್ಕೆ ಇವರು ಸಿಂಗಾಪುರದ ಒಂದು ಗೋಡೆಯ ವಿಷಯ ಎತ್ತಿದರು. ಪಾಯಸ ಬಂತು, ಹೋಯಿತು. ಹೋಳಿಗೆ ಬಂತು. ಮಜ್ಜಿಗೆ ಬಡಿಸುವ ತನಕ ಗೋಡೆ ಮುಗಿಯಲಿಲ್ಲ. ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು, ಗೋಡೆ ಕಂಡರೆ ಬಿಡುವುದಿಲ್ಲ, ನಿಜ. ಆದರೆ ಆವತ್ತಿನಿಂದ ನನಗೆ ಒಳಗೊಳಗೇ ಕೊರೆಯುತ್ತಿದೆ. ಐದು ತಿಂಗಳನ್ನು ಆ ಒಂದು ದಿನ ಹೇಗೆ ನುಂಗಿತು? ಹೋಗುವಾಗಲೂ ಇದೇ ಊರಿನಲ್ಲಿ ವಿಮಾನ ಬದಲಿಸಿದ್ದೆವು. ಮೂರು ಗಂಟೆ ಕೂತಿದ್ದೆವು. ನೆನಪಿರುವುದು ಶೌಚಾಲಯ ಎಷ್ಟು ಚೊಕ್ಕ ಇತ್ತು ಅನ್ನುವುದು ಮಾತ್ರ.

ಪಿಸುಮಾತಿನ ಮನೆ

ಮಗಳು ಇರುವುದು ಮೆಲ್ಬರ್ನಿನ ಪಶ್ಚಿಮಕ್ಕೆ, ಟಾರ್ನೀಟ್ ಅನ್ನುವ ಕಡೆ. ನಮ್ಮವರು ಎಷ್ಟು ಜನ ಇದ್ದಾರೆಂದರೆ ಸಂಜೆ ಪಾರ್ಕಿಗೆ ಹೋದರೆ ಪಂಜಾಬಿ, ತೆಲುಗು, ಗುಜರಾತಿ ಎಲ್ಲ ಕೇಳಿಸುತ್ತದೆ. ನಾವು ಹೋದದ್ದು ಬಾಣಂತನಕ್ಕೆ. ಮೇ ತಿಂಗಳಲ್ಲಿ ಇಳಿದೆವು, ಅಲ್ಲಿ ಚಳಿಗಾಲ ಶುರುವಾಗುವ ಹೊತ್ತು. ನಮ್ಮಂಥ ಅಜ್ಜ ಅಜ್ಜಿಯರ ಕಥೆ ಓದುವವರಿಗೆ ಗೊತ್ತಿರುವುದೇ. ಅದನ್ನು ಉದ್ದ ಮಾಡುವುದಿಲ್ಲ. ಬಚ್ಚಲು ಇಲ್ಲದ ಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಮೀಯಿಸಿದೆ. ಇವರು ಯಾವ ವಾರ ಯಾವ ಬಣ್ಣದ ಮುಚ್ಚಳದ ಕಸದ ಡಬ್ಬಿ ರಸ್ತೆಗೆ ಇಡಬೇಕು ಅನ್ನುವುದನ್ನು ಕಲಿತರು. ಅದರಲ್ಲಿ ಅಳಿಯನಿಗಿಂತ ಇವರೇ ಗಟ್ಟಿಯಾದರು.

ಹೇಳಬೇಕಾದ್ದು ಒಂದು ಉಂಟು. ಆ ಮನೆಯಲ್ಲಿ ನಾವು ಐದು ತಿಂಗಳು ಪಿಸುಗುಟ್ಟಿದೆವು. ಮಗು ಮಲಗಿರುತ್ತದೆ. ಮಗು ಎದ್ದಿದ್ದರೆ ಬಾಣಂತಿ ಮಲಗಿರುತ್ತಾಳೆ. ಇಬ್ಬರೂ ಎದ್ದಿದ್ದರೆ ಅಳಿಯ ಪಕ್ಕದ ಕೋಣೆಯಲ್ಲಿ ಮೀಟಿಂಗಿನಲ್ಲಿರುತ್ತಾನೆ. ಮರದ ಚೌಕಟ್ಟಿನ ಮನೆ, ಗೋಡೆ ತೆಳು, ಈ ಕಡೆ ಕೆಮ್ಮಿದರೆ ಆ ಕಡೆಗೆ ಕೇಳುತ್ತದೆ. ಪುತ್ತೂರಿನ ನಮ್ಮ ಮನೆಯಲ್ಲಿ ಇವರು ತೋಟದಿಂದ ಕೂಗಿದರೆ ನಾನು ಅಡುಗೆಮನೆಯಿಂದ ಕೂಗಿಯೇ ಉತ್ತರ ಕೊಡುವುದು. ಹಾಗೆ ಮಾತಾಡಿ ಅಭ್ಯಾಸವಾದವರಿಗೆ ಪಿಸುಮಾತಿನಲ್ಲಿ ಎಷ್ಟು ಹೇಳಲಿಕ್ಕಾಗುತ್ತದೆ? “ಮಾತ್ರೆ ತೆಗೊಂಡ್ರಾ?” “ಹೂಂ.” “ಹಾಲು ಮುಗಿದಿದೆ.” “ತರ್ತೇನೆ.” ರಾತ್ರಿ ನಾನು ಮಗಳ ಕೋಣೆಯಲ್ಲಿ ಮಲಗುತ್ತಿದ್ದೆ, ಇವರು ಹಾಲಿನಲ್ಲಿ. ಮೂವತ್ತಾರು ವರ್ಷ ಒಟ್ಟಿಗೆ ಬದುಕಿದವರು ಒಂದೇ ಆಫೀಸಿನ ಎರಡು ಪಾಳಿಯ ಕೆಲಸದವರ ಹಾಗೆ ಆಗಿಬಿಟ್ಟಿದ್ದೆವು. ಎದುರು ಸಿಕ್ಕಿದಾಗ ತಲೆ ಅಲ್ಲಾಡಿಸುವುದು.

ಇದು ದೂರು ಅಲ್ಲ. ಮಗಳೂ ಅಳಿಯನೂ ನಮ್ಮನ್ನು ತುಂಬ ಚೆನ್ನಾಗಿ ನೋಡಿಕೊಂಡರು. ಆದರೆ ಮಕ್ಕಳ ಮನೆಯಲ್ಲಿ ನಾವು ನೆಂಟರೂ ಅಲ್ಲ, ಮನೆಯವರೂ ಅಲ್ಲ. ಚಳಿ ಆದರೆ ಹೀಟರ್ ಜಾಸ್ತಿ ಮಾಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೂ ಕೈ ಹೋಗುವುದಿಲ್ಲ. ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತೇವೆ.

ನಡುವಿನ ರಾತ್ರಿ

ಸಿಂಗಾಪುರದ ಆ ಒಂದು ದಿನ ನಮ್ಮ ಆಸೆಯಿಂದ ಆದದ್ದಲ್ಲ. ಬೇಗ ಮುಟ್ಟಿಸುವ ಟಿಕೆಟಿಗಿಂತ ನಡುವೆ ಒಂದು ದಿನ ನಿಲ್ಲುವ ಟಿಕೆಟ್ ಕಡಿಮೆಗೆ ಸಿಕ್ಕಿತು, ಅಳಿಯ ಅದನ್ನೇ ಮಾಡಿಸಿದ. ನನಗೆ ಒಳಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಐದು ತಿಂಗಳ ಮೇಲೆ ಮನೆಗೆ ಹೊರಟವರನ್ನು ದಾರಿಯಲ್ಲಿ ಇಳಿಸುವುದೇ? ಕೈಯಲ್ಲಿ ಆಸ್ಟ್ರೇಲಿಯಾದ ವೀಸಾ, ಮುಂದಿನ ಟಿಕೆಟ್ ಇದ್ದರೆ ಭಾರತದವರು 96 ಗಂಟೆಯ ತನಕ ಬೇರೆ ವೀಸಾ ಇಲ್ಲದೆ ಸಿಂಗಾಪುರದ ಒಳಗೆ ಹೋಗಬಹುದು. ಆದರೆ ಆಸ್ಟ್ರೇಲಿಯಾದ ವೀಸಾ ಅಂದರೆ ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿ ಅಲ್ಲ, ಇಮೇಲ್‌ನಲ್ಲಿ ಬಂದ ಒಂದು ಪತ್ರ ಅಷ್ಟೆ. ಇವರು ಅದರ ಮೂರು ಪ್ರತಿ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ನಮ್ಮನ್ನು ನೋಡಿದಳು, ಹೋಗಿ ಅಂದಳು. ಇವರಿಗೆ ಮೂರು ಪ್ರತಿ ದಂಡವಾದ ಬೇಜಾರು.

ಸೂಟ್‌ಕೇಸುಗಳು ಸೀದಾ ಬೆಂಗಳೂರಿಗೆ ಹೋಗುತ್ತವೆ ಅಂತ ಮೆಲ್ಬರ್ನಿನಲ್ಲೇ ಹೇಳಿದ್ದರು. ಆದ್ದರಿಂದ ರಾತ್ರಿ ಹತ್ತೂವರೆಗೆ ಹೊರಗೆ ಬಂದಾಗ ನಮ್ಮ ಹತ್ತಿರ ಇದ್ದದ್ದು ನನ್ನ ಕೈಚೀಲ, ಇವರ ಹೆಗಲ ಬ್ಯಾಗು. ಬಾಗಿಲು ತೆರೆದದ್ದೇ ತಡ, ಗಾಳಿ ಮುಖಕ್ಕೆ ಬಂತು. ಬಿಸಿ, ಒದ್ದೆ, ಭಾರದ ಗಾಳಿ. ಮಂಗಳೂರಿನ ಮೇ ತಿಂಗಳ ಗಾಳಿ. ಐದು ತಿಂಗಳಿಂದ ಒಡೆದುಹೋಗಿದ್ದ ನನ್ನ ತುಟಿ, ಹಿಮ್ಮಡಿ ಎಲ್ಲ ಒಮ್ಮೆಗೇ ಉಸಿರು ಬಿಟ್ಟ ಹಾಗಾಯಿತು. ಇವರು ಸ್ವೆಟರ್ ಬಿಚ್ಚಿ, ಬಿಚ್ಚಿದ್ದನ್ನು ಎಲ್ಲಿ ಇಡುವುದು ಗೊತ್ತಾಗದೆ, ಸೊಂಟಕ್ಕೆ ಕಟ್ಟಿಕೊಂಡರು. ಅರುವತ್ತೈದು ವರ್ಷದವರು, ಕಾಲೇಜು ಹುಡುಗರ ಹಾಗೆ. “ಎಂತ ಸೆಕೆ ಮಾರಾಯ್ತಿ!” ಅಂತ ಗಟ್ಟಿಯಾಗಿ ಹೇಳಿದರು. ನಾನು ಅಭ್ಯಾಸಬಲದಿಂದ “ಶ್” ಅಂದೆ. ಆಮೇಲೆ ಇಬ್ಬರಿಗೂ ನಗು ಬಂತು. ಇಲ್ಲಿ ಯಾರು ಏಳುತ್ತಾರೆ?

ಉಳಿದುಕೊಂಡದ್ದು ಸೆರಂಗೂನ್ ರಸ್ತೆಯ ಹಿಂದಿನ ಒಂದು ಸಣ್ಣ ಹೋಟೆಲಿನಲ್ಲಿ. ಕೋಣೆಗೆ ಕಿಟಕಿ ಇರಲಿಲ್ಲ. ಪರದೆ ಇತ್ತು, ಸರಿಸಿದರೆ ಬರೀ ಗೋಡೆ. ಹಲ್ಲುಜ್ಜುವ ಬ್ರಷ್ ಹುಡುಕಲಿಕ್ಕೆ ಕೈಚೀಲಕ್ಕೆ ಕೈ ಹಾಕಿದರೆ ಮಗುವಿನ ಬಾಯಿ ಒರೆಸುವ ಬಟ್ಟೆ ಬಂತು. ನನ್ನ ಹಳೇ ಕಾಟನ್ ಸೀರೆ ಹರಿದು ಹೊಲಿದ ಚೌಕದ ಬಟ್ಟೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹೆಗಲ ಮೇಲಿಂದ ತೆಗೆದು ಚೀಲಕ್ಕೆ ತುರುಕಿರಬೇಕು. ಒಂದು ಮೂಲೆ ಇನ್ನೂ ಗಟ್ಟಿಯಾಗಿತ್ತು, ಒಣಗಿದ ಹಾಲು. ಏರ್‌ಪೋರ್ಟಿನಲ್ಲಿ ನಾನು ಅತ್ತಿರಲಿಲ್ಲ. ಮಗಳ ಮುಂದೆ ಅಳಬಾರದು ಅಂತ ಇತ್ತು. ಊರಿಗೆ ಬಂದ ಮೇಲೂ ಅಳಲಿಕ್ಕೆ ಆಗುತ್ತಿರಲಿಲ್ಲವೇನೋ. ಬೀಗ ತೆಗೆದ ಕೂಡಲೇ ನೆರೆಮನೆಯವರು, ಹಾಲಿನವರು, ಕೆಲಸದವರು. ಆ ಕಿಟಕಿ ಇಲ್ಲದ ಕೋಣೆ ಅದಕ್ಕೆ ಸರಿಯಾಗಿ ಒದಗಿತು. ಇವರು ಪಕ್ಕದಲ್ಲಿ ಸುಮ್ನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟರು. ವೀಸಾದ ಮೂರು ಪ್ರತಿಗಳ ನಡುವೆ.

ಟಿಶ್ಯೂ ಪೊಟ್ಟಣ

ಬೆಳಿಗ್ಗೆ ಮೂರೂವರೆಗೇ ಎಚ್ಚರ. ಮೆಲ್ಬರ್ನಿನಲ್ಲಿ ಆಗ ಐದೂವರೆ, ಮಗು ಹಾಲಿಗೆ ಏಳುವ ಹೊತ್ತು. ಊರಿನಲ್ಲಿ ಇನ್ನೂ ರಾತ್ರಿ ಒಂದು. ಗಡಿಯಾರ ಎರಡು ಗಂಟೆ ಹಿಂದೆ ಹೋಗಿದೆ, ಇನ್ನೂ ಎರಡೂವರೆ ಗಂಟೆ ಹಿಂದೆ ಹೋಗಲಿಕ್ಕೆ ಬಾಕಿ ಉಂಟು. ಹೊಟ್ಟೆ ಯಾವ ಊರಿನ ಹೊತ್ತು ನಂಬಬೇಕು? ಇವರು ಊರಿನಲ್ಲೂ ಐದಕ್ಕೆ ಏಳುವವರು. “ಬೆಳಗಾಗಲಿ, ಹೊರಗೆ ಹೋಗುವ” ಅಂದರು. ಬೆಳಗೇ ಆಗುವುದಿಲ್ಲ! ಆರಕ್ಕೆ ಕತ್ತಲೆ. ಆರೂವರೆಗೂ ಕತ್ತಲೆ. ಸಿಂಗಾಪುರ ಭೂಪಟದಲ್ಲಿ ಇರುವ ಜಾಗಕ್ಕೆ ಲೆಕ್ಕ ಹಾಕಿದರೆ ಗಡಿಯಾರ ಒಂದು ಗಂಟೆ ಹಿಂದೆ ಇರಬೇಕಿತ್ತು. ಪಕ್ಕದ ಮಲೇಷ್ಯಾ ತನ್ನ ಗಡಿಯಾರ ಮುಂದೆ ಮಾಡಿದಾಗ, 1982ರಲ್ಲಿ, ಸಿಂಗಾಪುರದವರೂ ಜೊತೆಗೆ ಮಾಡಿಕೊಂಡರು. ಹಾಗಾಗಿ ಅಲ್ಲಿ ವರ್ಷವಿಡೀ ಸೂರ್ಯ ಬರುವುದು ಏಳರ ಆಚೀಚೆ. ಕತ್ತಲೆಯಲ್ಲೇ ಹೊರಟೆವು. ವೀರಮಾಕಾಳಿಯಮ್ಮನ ಗುಡಿಯ ಬಾಗಿಲು ತೆರೆದಿತ್ತು, ಗಂಟೆ ಕೇಳಿತು. ಕೈಮುಗಿದು ಮುಂದೆ ಹೋದೆವು.

ಟೆಕ್ಕಾ ಸೆಂಟರ್ ಅಂದರೆ ಕೆಳಗೆ ಮೀನು, ಮಾಂಸ, ತರಕಾರಿಯ ಮಾರ್ಕೆಟ್, ಪಕ್ಕದಲ್ಲೇ ಸಾಲುಸಾಲು ತಿಂಡಿ ಅಂಗಡಿಗಳು. ಬೀದಿಬದಿ ಮಾರುತ್ತಿದ್ದವರನ್ನೆಲ್ಲ ಸರಕಾರ ಒಂದೊಂದು ಮಾಡಿನ ಕೆಳಗೆ ಕೂರಿಸಿದ ಜಾಗಗಳು ಇವು. ಈ ಹಾಕರ್ ಸೆಂಟರುಗಳ ಊಟದ ಪದ್ಧತಿಯನ್ನು ಯುನೆಸ್ಕೋ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಇರಲಿ. ನಾವು ಒಳಗೆ ಹೋದಾಗ ಮೇಜುಗಳು ಅರ್ಧ ಖಾಲಿ. ಇವರು ಒಂದು ಮೇಜಿನ ಹತ್ತಿರ ಹೋಗಿ ಅದರ ಮೇಲಿದ್ದ ಟಿಶ್ಯೂ ಪೊಟ್ಟಣ ಎತ್ತಿ, ಯಾರೋ ಮರೆತು ಹೋಗಿದ್ದಾರೆ ಅಂತ, ಪಕ್ಕದ ಅಂಗಡಿಯವನ ಕೈಗೆ ಕೊಟ್ಟು, ಕೂತರು. ಎರಡೇ ನಿಮಿಷ. ತಟ್ಟೆ ಹಿಡಿದ ಒಬ್ಬ ಚೀನೀ ಅಜ್ಜಿ ಬಂದು ನಮ್ಮನ್ನು ನೋಡುತ್ತಾ ನಿಂತಳು. ಅಂಗಡಿಯವನು ನಗುತ್ತಾ ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟರೆ ಆ ಜಾಗ ಹಿಡಿದಾಯಿತು ಅಂತ ಅರ್ಥ. ನಮ್ಮ ಬಸ್ಸಿನ ಕಿಟಕಿಯಲ್ಲಿ ಟವೆಲ್ ಒಗೆಯುತ್ತೇವಲ್ಲ, ಅದೇ. ಇವರು ಎದ್ದು ಕೈಜೋಡಿಸಿದರು. ಅಜ್ಜಿ ಮಾತಾಡಲಿಲ್ಲ. ಎದುರಿನ ಎರಡು ಕುರ್ಚಿ ತೋರಿಸಿ ತನ್ನ ಪಾಡಿಗೆ ತಿನ್ನಲು ಶುರು ಮಾಡಿದಳು. ಒಂದೇ ಮೇಜಿನಲ್ಲಿ ಮೂವರೂ ಕೂತೆವು.

ಒಂದು ಅಂಗಡಿಯ ಬೋರ್ಡಿನಲ್ಲಿ ‘ಪುಟ್ಟು ಮಾಯಂ’ ಅಂತ ಇತ್ತು. ಪುಟ್ಟು ಅಂದರೆ ಕೇರಳದ ಪುಟ್ಟು ಇರಬೇಕು ಅಂತ ಹೇಳಿದೆ. ಇವರಿಗೆ ಕಾಂಟ್ರಾಕ್ಟರುಗಳ ಹತ್ತಿರ ಕಲಿತ ತಮಿಳು ಸ್ವಲ್ಪ ಬರುತ್ತದೆ, ಅದರಲ್ಲೇ ಹೇಳಿ ತರಿಸಿದರು. ತಟ್ಟೆ ಬಂತು. ನೋಡಿದರೆ ನಮ್ಮ ಒತ್ತು ಸೇಮಿಗೆ! ಬಿಳಿ ಎಳೆಗಳು, ಪಕ್ಕಕ್ಕೆ ಹಸಿ ತೆಂಗಿನ ತುರಿ, ಕಂದು ಸಕ್ಕರೆ. ಕಾಯಿಹಾಲು ಇರಲಿಲ್ಲ, ಅದೊಂದು ಕಮ್ಮಿ. ನಮ್ಮಲ್ಲಿ ಸೇಮಿಗೆ ಅಂದರೆ ಇಬ್ಬರ ಕೆಲಸ. ನಾನು ಬೆಂದ ಉಂಡೆ ಹಾಕಬೇಕು, ಇವರು ಮಣೆಯ ಕೈ ತಿರುಗಿಸಬೇಕು. ಬಿಸಿ ಆರಿದರೆ ಎಳೆ ಇಳಿಯುವುದಿಲ್ಲ, ಹಾಗಾಗಿ ಒಬ್ಬರಿಗೊಬ್ಬರು ಬಯ್ಯುತ್ತಲೇ ಮಾಡುವುದು. ಮದುವೆಯಾದ ಹೊಸತರಲ್ಲಿ ನಾನು ಉಂಡೆ ಹಾಕಿದ್ದು ತಡವಾಗಿ, ಇವರು ಮಣೆ ಮುರಿದದ್ದು, ಅತ್ತೆ ಇಬ್ಬರಿಗೂ ಏನೂ ಹೇಳದೆ ಮೂರು ದಿನ ಮುಖ ಊದಿಸಿಕೊಂಡದ್ದು, ಎಲ್ಲ ಆ ಮೇಜಿನಲ್ಲಿ ಬಂತು. ಇವರು ಅತ್ತೆಯ ಧ್ವನಿಯನ್ನೇ ಅನುಕರಿಸಿ ಹೇಳಿದರು. ನಾನು ನಕ್ಕು ಕಣ್ಣೀರು ಒರೆಸಿಕೊಂಡೆ. ಒರೆಸಲಿಕ್ಕೆ ಟಿಶ್ಯೂ ಕೊಟ್ಟದ್ದು ಆ ಚೀನೀ ಅಜ್ಜಿ, ತನ್ನ ಪೊಟ್ಟಣದಿಂದಲೇ.

ಕಾಫಿಯ ವಿಷಯ ಹೇಳದೆ ಇರಲಿಕ್ಕಾಗುವುದಿಲ್ಲ. ಅಲ್ಲಿ ಅದಕ್ಕೆ ಕೋಪಿ ಅನ್ನುತ್ತಾರೆ. ಬೀಜವನ್ನು ಸಕ್ಕರೆ, ಬೆಣ್ಣೆಯ ಜೊತೆ ಕಪ್ಪಗೆ ಹುರಿದು, ಉದ್ದ ಬಟ್ಟೆಯ ಚೀಲದಲ್ಲಿ ಸೋಸಿ, ಡಬ್ಬಿಯ ದಪ್ಪ ಹಾಲು ಹಾಕಿ ಕೊಡುತ್ತಾರೆ. ಮೆಲ್ಬರ್ನಿನವರಿಗೆ ತಮ್ಮ ಕಾಫಿಯ ಬಗ್ಗೆ ಬಹಳ ಹೆಮ್ಮೆ. ಲೋಟದ ಮೇಲೆ ಎಲೆಯ ಚಿತ್ರ ಬಿಡಿಸಿ ಕೊಡುತ್ತಾರೆ, ಕುಡಿದರೆ ಉಗುರುಬೆಚ್ಚಗೆ. ಇದು ನಾಲಿಗೆ ಸುಡುವಷ್ಟು ಬಿಸಿ. ನನ್ನ ಅಜ್ಜಿ ಫಿಲ್ಟರ್ ಬರುವ ಮೊದಲು ಬಟ್ಟೆಯಲ್ಲೇ ಸೋಸುತ್ತಿದ್ದಳು. ಆ ಬಟ್ಟೆಯ ಕಪ್ಪು ಕಲೆ, ಹಿಂಡುವ ಕೈ ಎರಡೂ ಕಣ್ಣಿಗೆ ಬಂತು. ತಿಂದ ಮೇಲೆ ತಟ್ಟೆ ನಾವೇ ತೆಗೆದು ಇಡಬೇಕು, 2021ರಿಂದ ಅದು ಅಲ್ಲಿ ಕಾನೂನು. ಇವರು ಅಜ್ಜಿಯ ತಟ್ಟೆಯನ್ನೂ ಸೇರಿಸಿ ತೆಗೆದುಕೊಂಡು ಹೋಗಿ ಇಟ್ಟು ಬಂದರು. ಕಸದ ಡಬ್ಬಿಯ ಐದು ತಿಂಗಳ ತರಬೇತಿ ಸುಮ್ಮನೆ ಹೋಗುತ್ತದಾ?

ಪಕ್ಕದ ಬಫೆಲೋ ರಸ್ತೆಯಲ್ಲಿ ಹೂವಿನ ಅಂಗಡಿ. ಒಂದು ಕಾಲದಲ್ಲಿ ಆ ಇಡೀ ಪ್ರದೇಶ ದನ ಎಮ್ಮೆಗಳ ವ್ಯಾಪಾರದ್ದು, ರಸ್ತೆಯ ಹೆಸರು ಅದರಿಂದ ಬಂತು. ಮಲ್ಲಿಗೆ ಮಾಲೆಯ ಪಕ್ಕದಲ್ಲಿ ವೀಳ್ಯದೆಲೆ ಜೋಡಿಸಿಟ್ಟಿದ್ದರು. ಇವರು ಅಲ್ಲೇ ನಿಂತರು. ಆಸ್ಟ್ರೇಲಿಯಾದ ಏರ್‌ಪೋರ್ಟಿನಲ್ಲಿ ತಕರಾರು ಬೇಡ ಅಂತ ಎಲೆ ಅಡಿಕೆಯನ್ನು ಊರಿನಲ್ಲೇ ಬಿಟ್ಟು ಹೋದವರು. ‘ಬಿಟ್ಟೇಬಿಟ್ಟೆ’ ಅಂತ ಐದು ತಿಂಗಳಲ್ಲಿ ನೂರು ಸಲ ಹೇಳಿದ್ದರು. ಈಗ ನನ್ನ ಮುಖ ನೋಡಲಿಲ್ಲ. ಐದು ಎಲೆ ಕೊಂಡರು. ಪೂಜೆಗೆ ಇಟ್ಟಿದ್ದ ಅಡಿಕೆಯಲ್ಲಿ ಒಂದನ್ನು ಎತ್ತಿ, ಬೆಳೆಗಾರನ ಕಣ್ಣಲ್ಲಿ ತಿರುಗಿಸಿ ನೋಡಿ, “ನಮ್ಮ ಕಡೆಯದ್ದಲ್ಲ” ಅಂತ ತೀರ್ಪು ಕೊಟ್ಟು, ಅದನ್ನೂ ಕೊಂಡರು. ಇಡೀ ಅಡಿಕೆ. ಕತ್ತರಿಸಲಿಕ್ಕೆ ಅಡಕತ್ತರಿ ಇಲ್ಲ, ಸುಣ್ಣವೂ ಇಲ್ಲ. ಎಲ್ಲ ಅಂಗಿಯ ಜೇಬಿಗೆ ಹೋಯಿತು.

ಮೊಟ್ಟೆ, ಬೆಲ್ಲ, ಸುಣ್ಣ

ಮಗಳು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಳು. ಸಿಂಹದ ತಲೆಯ ಮೀನು, ದೊಡ್ಡ ದೊಡ್ಡ ಲೋಹದ ಮರಗಳ ತೋಟ, ಹಡಗು ಹೊತ್ತ ಹಾಗಿರುವ ಹೋಟೆಲು. ಅದಕ್ಕೇ ಹೊರಟದ್ದು. ಸಿಟಿ ಹಾಲ್ ಅನ್ನುವ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಬಿಸಿಲು ಚುರ್ರನ್ನುತ್ತಿತ್ತು. ಎದುರಿಗೆ ಹುಲ್ಲಿನ ನಡುವೆ ಬೆಳ್ಳಗೆ ಒಂದು ಚರ್ಚು. ನೆರಳಿಗೆ ಅಂತ ಒಳಗೆ ಹೋದೆವು. ಹೊರಗೆ ಬಂದದ್ದು ಎರಡು ಗಂಟೆಯ ಮೇಲೆ. ಪಟ್ಟಿ ಅಲ್ಲಿಗೇ ನಿಂತಿತು.

ಅದು ಸೇಂಟ್ ಆಂಡ್ರೂಸ್ ಕೆಥೆಡ್ರಲ್. ಮೊದಲು ಅಲ್ಲಿದ್ದ ಚರ್ಚಿಗೆ ಎರಡು ಸಲ ಸಿಡಿಲು ಬಡಿಯಿತಂತೆ, ಆಮೇಲೆ ಕಟ್ಟಿದ್ದು ಇದು. 1856ರಲ್ಲಿ ಅಡಿಗಲ್ಲು, 1861ರಲ್ಲಿ ಮೊದಲ ಪ್ರಾರ್ಥನೆ. ಒಳಗೆ ಬಂದವರಿಗೆ ತೋರಿಸುವ ಒಬ್ಬರು ವಯಸ್ಸಾದವರು ಇದ್ದರು. ನೀವು ಎಲ್ಲಿಯವರು ಅಂತ ಕೇಳಿದರು. ಇಂಡಿಯಾ ಅಂದೆವು. “ಹಾಗಾದರೆ ಇದನ್ನು ಕಟ್ಟಿದ್ದು ನಿಮ್ಮವರೇ” ಅಂದರು. ನಾನು ದುಡ್ಡಿದ್ದ ಯಾರೋ ವ್ಯಾಪಾರಿ ಇರಬೇಕು ಅಂದುಕೊಂಡೆ. ಅಲ್ಲ, ಕೈದಿಗಳು. 1825ರಿಂದ 1873ರ ತನಕ ಸಿಂಗಾಪುರದಲ್ಲಿ ಬ್ರಿಟಿಷರು ಇಂಡಿಯಾದಿಂದ ಗಡೀಪಾರು ಮಾಡಿದ ಕೈದಿಗಳಿದ್ದರು. ಕಾಡು ಕಡಿದದ್ದು, ರಸ್ತೆ ಹಾಕಿದ್ದು, ಇಟ್ಟಿಗೆ ಸುಟ್ಟದ್ದು ಅವರೇ. ಈಗ ಅಲ್ಲಿನ ಅಧ್ಯಕ್ಷರ ಮನೆಯಾಗಿರುವ ದೊಡ್ಡ ಬಂಗಲೆಯೂ ಅವರು ಕಟ್ಟಿದ್ದೇ. 1858ರಿಂದ ಅಂಥವರನ್ನು ಅಂಡಮಾನಿಗೆ ಕಳಿಸತೊಡಗಿದರು. ಕರಿನೀರಿನ ಶಿಕ್ಷೆ ಅಂದರೆ ನಮಗೆ ಅಂಡಮಾನ್ ಒಂದೇ ನೆನಪಾಗುವುದು, ಅಲ್ವಾ?

ಗೋಡೆಯ ಗಾರೆಗೆ ಅವರು ಇಟ್ಟಿದ್ದ ಹೆಸರು ‘ಮದ್ರಾಸ್ ಚುನಾಂ’. ಚುನಾಂ ಅಂದರೆ ಸುಣ್ಣ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಕಂದು ಸಕ್ಕರೆ, ಇವನ್ನು ಕುಟ್ಟಿ ಮುದ್ದೆ ಮಾಡಿ, ತೆಂಗಿನ ಸಿಪ್ಪೆ ನೆನೆಹಾಕಿದ ನೀರು ಸೇರಿಸಿ ಗೋಡೆಗೆ ಬಳಿಯುವುದು. ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸುವುದು. ಆ ಹಿರಿಯರು ಇದನ್ನು ದಿನಕ್ಕೆ ಹತ್ತು ಸಲ ಹೇಳುವವರು, ಕೇಳಿದವರು ಮೊಟ್ಟೆಯ ಹತ್ತಿರ ಬಂದಾಗ ‘ಓ’ ಅನ್ನುತ್ತಾರೆ ಅಂತ ಅವರಿಗೆ ಗೊತ್ತು. ಇವರು ‘ಓ’ ಅನ್ನಲಿಲ್ಲ. “ಅಣಿಲೆಕಾಯಿ ಹಾಕಲಿಲ್ಲವಾ?” ಅಂತ ಕೇಳಿದರು. ಅಣಿಲೆಕಾಯಿಗೆ, ಅಂದರೆ ಅಳಲೆಕಾಯಿಗೆ, ಇಂಗ್ಲಿಷಿನಲ್ಲಿ ಏನು ಹೇಳುವುದು ನನಗೂ ಗೊತ್ತಿರಲಿಲ್ಲ. ಇವರು ಬೆರಳಲ್ಲಿ ಆಕಾರ ತೋರಿಸಿದರು, ಮುಖ ಹುಳಿ ಒಗರು ಮಾಡಿ ತೋರಿಸಿದರು. ಆ ಹಿರಿಯರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು.

ನಮ್ಮ ಸುಳ್ಯ ಕಡೆಯ ಬೆಳ್ಳಾರೆಯ ಹತ್ತಿರ ಇವರ ಅಜ್ಜನ ಮನೆ. ಜಗಲಿಯ ಗಾರೆ ನೆಲ ಮುಖ ಕಾಣುವಷ್ಟು ನುಣುಪು. ನಾನು ಮದುವೆಯಾಗಿ ಬಂದಾಗಲೂ ಇತ್ತು, ಬೇಸಗೆಯಲ್ಲಿ ಅದರ ಮೇಲೆ ಸೀರೆ ಸೆರಗು ಹಾಸಿ ಮಲಗುತ್ತಿದ್ದೆ. ಅದಕ್ಕೆ ಬೆಲ್ಲದ ನೀರು, ಅಣಿಲೆಕಾಯಿ ನೀರು ಹಾಕಿದ್ದು ಎಲ್ಲರಿಗೂ ಗೊತ್ತು. ಮೊಟ್ಟೆಯೂ ಹಾಕಿದ್ದರು ಅನ್ನುವುದನ್ನು ಇವರು ಆವತ್ತು ಆ ಚರ್ಚಿನ ಬೆಂಚಿನಲ್ಲಿ ಕೂತು ಹೇಳಿದರು. ಮೊಟ್ಟೆ ಹೊಸಿಲು ದಾಟದ ಮನೆ ಅದು. ಮೇಸ್ತ್ರಿ ಸಂಜೆ ಕತ್ತಲಾದ ಮೇಲೆ ಗೋಣಿಯಲ್ಲಿ ತರುತ್ತಿದ್ದನಂತೆ. ಅಜ್ಜ ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ನೀರು ಬಿಡಲಿಕ್ಕೆ ಹೋಗುತ್ತಿದ್ದರಂತೆ, ಮಳೆಗಾಲ ಹತ್ತಿರ ಬಂದು ನೀರು ಬೇಡವಾಗಿದ್ದಾಗಲೂ. ನೆಲ ಮುಗಿದ ಮೇಲೆ ಅದೇ ಜಗಲಿಯಲ್ಲಿ ಸತ್ಯನಾರಾಯಣ ಪೂಜೆ. ಇವರ ಅಪ್ಪ ಸಾಯುವ ವರ್ಷ ಗುಟ್ಟು ಬಿಟ್ಟುಕೊಟ್ಟರಂತೆ. “ಇದನ್ನು ನನಗೆ ಯಾಕೆ ಹೇಳಲಿಲ್ಲ ಇಷ್ಟು ವರ್ಷ?” ಅಂತ ಕೇಳಿದೆ. “ನೀನು ಅದರ ಮೇಲೆ ಮಲಗುತ್ತಿದ್ದೆಯಲ್ಲ” ಅಂದರು.

ಆಮೇಲೆ ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗೋಡೆಯ ಹತ್ತಿರ ಹೋದರು. ಈಗ ಮೇಲೆ ಬಣ್ಣ ಇದೆ, ಗಾರೆ ಕಾಣುವುದಿಲ್ಲ. ಆದರೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳಿದರು. ಬಿಲ್ ಪಾಸ್ ಮಾಡುವ ಮೊದಲು ಕಾಂಟ್ರಾಕ್ಟರನ ಎದುರು ತಟ್ಟುತ್ತಿದ್ದ ಹಾಗೆಯೇ. “ಬೆಳ್ಳಾರೆಯಿಂದ ಇಲ್ಲಿಗೆ ಬಂದವರಿದ್ದಾರೆ ಗೊತ್ತುಂಟಾ” ಅಂದರು.

ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ನಮ್ಮ ಕಡೆಯವರಿಗೆ 1837ರ ದಂಗೆ ಗೊತ್ತು. ಕೊಡಗು ಕಂಪನಿಯ ಕೈಗೆ ಹೋದ ಮೇಲೆ ಕಂದಾಯವನ್ನು ಬೆಳೆಯಲ್ಲಿ ಅಲ್ಲ, ಹಣದಲ್ಲೇ ಕಟ್ಟಬೇಕು ಅಂತಾಯಿತು. ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಜನ ಕಟ್ಟಿಕೊಂಡು ಬೆಳ್ಳಾರೆಯ ಬಂಗ್ಲೆಗುಡ್ಡೆಯ ಖಜಾನೆ ಹಿಡಿದರು. ಅಲ್ಲಿಂದ ಮಂಗಳೂರಿಗೆ ನಡೆದು, ಕಂಪನಿಯ ಬಾವುಟ ಇಳಿಸಿ, ಹದಿಮೂರು ದಿನ ತಮ್ಮದನ್ನು ಹಾರಿಸಿದರು. ಆ ಜಾಗಕ್ಕೆ ಈಗಲೂ ಬಾವುಟಗುಡ್ಡೆ ಅಂತಲೇ ಹೆಸರು. ಆಮೇಲೆ ಸೈನ್ಯ ಬಂತು. ಕೆಲವರನ್ನು ಗಲ್ಲಿಗೆ ಹಾಕಿದರು. ಕೆಲವರನ್ನು ಗಡೀಪಾರು ಮಾಡಿದರು. ಗಡೀಪಾರು ಸಿಂಗಾಪುರಕ್ಕೆ. ಇದನ್ನು ಇವರು ಚಿಕ್ಕಂದಿನಲ್ಲಿ ಕೇಳಿದ್ದರು, ನಾನೂ ಎಲ್ಲೋ ಓದಿದ್ದೆ. ಓದುವಾಗ ಸಿಂಗಾಪುರ ಅನ್ನುವ ಶಬ್ದದ ಮೇಲೆ ಕಣ್ಣು ಸುಮ್ಮನೆ ಜಾರಿ ಹೋಗಿರಬೇಕು. ಅಂಡಮಾನಿನ ಹಾಗೆ ಅದೂ ಒಂದು ದೂರದ ಶಬ್ದ.

“ಇದು ಕಟ್ಟಿದ್ದು ಇಪ್ಪತ್ತು ವರ್ಷದ ಮೇಲೆ” ಅಂದೆ. ನಲ್ವತ್ತು ವರ್ಷ ಜೊತೆಗಿದ್ದರೆ ಲೆಕ್ಕ ತಪ್ಪಿದಲ್ಲಿ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಮೂವತ್ತಾರು, ಸರಿ.

“ಇಪ್ಪತ್ತು ವರ್ಷ ಬದುಕಲಿಕ್ಕಿಲ್ಲವಾ ಒಬ್ಬನಾದರೂ?” ಅಂದರು. “ಗಾರೆ ಕಲೆಸಲಿಕ್ಕೆ ಗೊತ್ತಿದ್ದವನು ಒಬ್ಬ?”

ನಮಗೆ ಅಲ್ಲಿ ನಿಲ್ಲಲಿಕ್ಕೆ 96 ಗಂಟೆ ಅಂತ ಮಿತಿ ಇತ್ತಲ್ಲ, ಅದು ಯಾಕೋ ನೆನಪಾಯಿತು. ಶಿಕ್ಷೆಯ ಅವಧಿ ಮುಗಿದು ಬಿಡುಗಡೆಯಾದ ಮೇಲೂ ಎಷ್ಟೋ ಕೈದಿಗಳು ಅಲ್ಲೇ ನಿಂತರಂತೆ, ಗಾಡಿ ಹೊಡೆದುಕೊಂಡು, ಹಾಲು ಮಾರಿಕೊಂಡು. ಊರು ಒಂದು ದಿನದ ದಾರಿಯಲ್ಲಿ ಇರಲಿಲ್ಲ ಅವರಿಗೆ. ನಮಗೆ ನಾಲ್ಕೂವರೆ ಗಂಟೆ.

ಇವರು ಜೇಬಿನಿಂದ ಎಲೆ ತೆಗೆದರು. ಬಾಡಲಿಕ್ಕೆ ಶುರುವಾಗಿತ್ತು. ಅಂಗೈ ಮೇಲೆ ಇಟ್ಟು ಸವರಿ ನೋಡಿ, ತಿರುಗಿ ಜೇಬಿಗೇ ಹಾಕಿದರು. “ಎಲೆ ಉಂಟು, ಅಡಿಕೆ ಉಂಟು” ಅಂದರು. “ಸುಣ್ಣ ಪೂರ್ತಿ ಗೋಡೆಗೆ ಹಾಕಿಬಿಟ್ಟಿದ್ದಾರೆ ನಮ್ಮವರು.”

ಮಡಿಕೇರಿ ದಾರಿ

ಉಳಿದದ್ದು ಬೇಗ ಹೇಳುತ್ತೇನೆ. ಮಗಳಿಗೆ ಬೇಜಾರಾಗಬಾರದು ಅಂತ ಏರ್‌ಪೋರ್ಟಿನಲ್ಲೇ ಇರುವ ಜಲಪಾತದ ಎದುರು ಫೋಟೋ ತೆಗೆಸಿಕೊಂಡೆವು. ಚಾಂಗಿಯ ಜ್ಯುವೆಲ್ ಕಟ್ಟಡದ ಒಳಗೆ, ಗಾಜಿನ ಮಾಡಿನಿಂದ 40 ಮೀಟರ್ ಕೆಳಗೆ ನೀರು ಬೀಳುತ್ತದೆ. ಜೋಗ ನೋಡಿದವರು ಏನು ಹೇಳುತ್ತಾರೋ ಅದನ್ನು ಇವರು ಹೇಳಿದರು. ಮಳೆನೀರನ್ನೇ ಹಿಡಿದು ಬಳಸುತ್ತಾರೆ ಅಂತ ಗೊತ್ತಾದ ಮೇಲೆ ಮಾತ್ರ ಸುಮ್ಮನಾದರು.

ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಬಸ್ಸು. ಇವರು ಹಟ ಮಾಡಿ ಮಡಿಕೇರಿ ದಾರಿಯ ಬಸ್ಸನ್ನೇ ಹಿಡಿದರು. ಸಂಪಾಜೆ ಘಾಟಿ ಇಳಿಯುವಾಗ ಮಳೆ. ಸುಳ್ಯ ಬಂದಾಗ ನಾನು ಅರೆನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟರೆ ಇವರು ಕಿಟಕಿಯ ಮಂಜು ಒರೆಸಿ ಹೊರಗೆ ನೋಡುತ್ತಿದ್ದರು. ಒರೆಸಿದ್ದು ಯಾವುದರಲ್ಲಿ ಅಂತ ನೋಡಿದರೆ, ಮಗುವಿನ ಬಟ್ಟೆಯಲ್ಲಿ. ನಾನು ಬೈಯಲಿಲ್ಲ. ಕಿತ್ತುಕೊಂಡು ಮಡಿಲಲ್ಲಿ ಇಟ್ಟುಕೊಂಡೆ.

ಮನೆಯ ಬೀಗ ತೆಗೆದದ್ದು ಸಂಜೆ. ಮುಗ್ಗಲು ವಾಸನೆ. ನಾನು ಕಿಟಕಿಗಳನ್ನು ತೆರೆಯುತ್ತಾ ಹೋದೆ, ಇವರು ಸೂಟ್‌ಕೇಸನ್ನು ಜಗಲಿಯಲ್ಲೇ ಬಿಟ್ಟು ಎಲೆತಟ್ಟೆ ಹುಡುಕಿದರು. ಅಡಕತ್ತರಿ ಸಿಕ್ಕಿತು, ಒಂದು ಕಡೆ ತುಕ್ಕು. ಸಿಂಗಾಪುರದ ಅಡಿಕೆ ಎರಡು ಹೋಳಾಯಿತು. ಎಲೆ ಐದರಲ್ಲಿ ಮೂರು ಕಪ್ಪಾಗಿದ್ದವು, ಎರಡು ಪರವಾಗಿಲ್ಲ. ಸುಣ್ಣದ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಅಡುಗೆಮನೆಗೆ ತಂದು ನನ್ನ ಕೈಗೆ ಕೊಟ್ಟರು. ತೆಗೆದು ನೋಡಿದರೆ ಸುಣ್ಣ ಒಣಗಿ, ಬಿರುಕು ಬಿಟ್ಟು, ಕಲ್ಲಿನ ಹಾಗಾಗಿತ್ತು. ಬೆರಳಲ್ಲಿ ಒತ್ತಿದರೆ ಏನೂ ಆಗಲಿಲ್ಲ.

“ನಾಲ್ಕು ಹನಿ ನೀರು ಹಾಕು” ಅಂತ ಜಗಲಿಯಿಂದ ಕೂಗಿದರು.

“ಹಾಕಿದೆ” ಅಂತ ನಾನೂ ಕೂಗಿದೆ. “ನೆನೆಯಲಿ, ಕಾಯಿರಿ ಸ್ವಲ್ಪ.”